ವೀಸಾ ಕೊಟ್ಟರು, ಮನೆ ಯಾರು ಕೊಡ್ತಾರೆ? ಮಕ್ಕಳ ಜೊತೆ ಬರ್ಲಿನ್‌ಗೆ ಹೋದಾಗ ಅರ್ಥವಾದ ಬಾಡಿಗೆ ರಾಜಕಾರಣ

ನಾಲ್ಕನೇ ಮಹಡಿಯ ಒಂದು ಮನೆ ನೋಡಲು ಮೆಟ್ಟಿಲ ಮೇಲೆ ಸಾಲು ನಿಂತಿತ್ತು. ಸಾಲಿನ ಬಾಲ ಬೀದಿಯಲ್ಲಿತ್ತು. ನನ್ನ ಒಂದು ಕಂಕುಳಲ್ಲಿ ಒಂದೂವರೆ ವರ್ಷದ ಮಗ, ಇನ್ನೊಂದರಲ್ಲಿ ದಾಖಲೆಗಳ ಪ್ಲಾಸ್ಟಿಕ್ ಫೋಲ್ಡರ್. ನಾಲ್ಕು ವರ್ಷದ ಮಗಳು ಅಮ್ಮನ ಕೋಟಿನ ತುದಿ ಹಿಡಿದುಕೊಂಡು, "ಇದು ನಮ್ಮನೇನಾ?" ಅಂತ ಕೇಳ್ತಿದ್ದಳು. ಆ ವಾರದಲ್ಲಿ ಅವಳು ಆ ಪ್ರಶ್ನೆ ಕೇಳಿದ ಐದನೇ ಮನೆ ಅದು. ನಮ್ಮ ಸರದಿ ಬಂದಾಗ ಒಳಗಿರಲು ಸಿಕ್ಕಿದ್ದು ಐದಾರು ನಿಮಿಷ. ಏಜೆಂಟ್ ಮಕ್ಕಳ ಕಡೆ ನೋಡಿ ನಕ್ಕರು, ಫೋಲ್ಡರ್ ತೆಗೆದುಕೊಂಡರು, "ತಿಳಿಸುತ್ತೇವೆ" ಅಂದರು. ತಿಳಿಸಲಿಲ್ಲ.

ನಾವು ಬೆಂಗಳೂರಿನಿಂದ ಬರ್ಲಿನ್‌ಗೆ ಹೋದದ್ದು 2024ರ ಏಪ್ರಿಲ್‌ನಲ್ಲಿ. ಕೆಲಸ ಸಿಕ್ಕಿದ್ದು ಹೆಂಡತಿಗೆ. ನಾನು ವೀಸಾ ಭಾಷೆಯಲ್ಲಿ 'ಅವಲಂಬಿತ'. ಅದೇ ವರ್ಷ ಅಕ್ಟೋಬರ್‌ನಲ್ಲಿ ಜರ್ಮನ್ ಸರ್ಕಾರ ಒಂದು ಘೋಷಣೆ ಮಾಡಿತು. ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾ ಸಂಖ್ಯೆಯನ್ನು 90,000ಕ್ಕೆ ಏರಿಸುತ್ತೇವೆ ಅಂದಿತು. ನಮ್ಮ ಸುದ್ದಿ ವಾಹಿನಿಗಳಲ್ಲಿ ಅದು ಹಬ್ಬದ ಸುದ್ದಿ. ಆ 90,000 ಜನ, ಅವರ ಹಿಂದೆ ಹೋಗುವ ಗಂಡ, ಹೆಂಡತಿ, ಮಕ್ಕಳು ಎಲ್ಲಿ ಮಲಗುತ್ತಾರೆ ಅನ್ನುವ ಪ್ರಶ್ನೆಗೆ ಆ ಸುದ್ದಿಯಲ್ಲಿ ಜಾಗವಿರಲಿಲ್ಲ.

ಈ ಬರಹ ಆ ಪ್ರಶ್ನೆಯ ಬಗ್ಗೆ. ಮಕ್ಕಳನ್ನು ಕಟ್ಟಿಕೊಂಡು ಹೋಗುವವರಿಗೆ ಜರ್ಮನಿಯಲ್ಲಿ ಮನೆ ಹುಡುಕಾಟ ಹೇಗಿರುತ್ತದೆ, ಯಾವ ಕಾನೂನು ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ ಅಂತ ವಿವರಿಸುತ್ತೇನೆ. ಜೊತೆಗೆ, ಬೆಂಗಳೂರಿನಲ್ಲಿದ್ದಾಗ ನನಗೆ ಕಾಣದಿದ್ದ ಒಂದು ಸಂಗತಿ ಬರ್ಲಿನ್‌ನ ಮೆಟ್ಟಿಲ ಮೇಲೆ ಹೇಗೆ ಕಂಡಿತು ಅನ್ನುವುದನ್ನೂ.

ಫಾರಂನಿಂದ ಅಳಿಸಿಹೋದ ಪ್ರಶ್ನೆ

ಜರ್ಮನಿಯ ವಾಸದ ಕಾನೂನಿನಲ್ಲಿ ಬಹಳ ಕಾಲದಿಂದ ಒಂದು ಷರತ್ತಿದೆ. ಕುಟುಂಬವನ್ನು ಕರೆಸಿಕೊಳ್ಳುವವರು 'ಸಾಕಷ್ಟು ವಾಸದ ಜಾಗ' ಇದೆ ಎಂದು ತೋರಿಸಬೇಕು. ಎಷ್ಟು ಜನಕ್ಕೆ ಎಷ್ಟು ಜಾಗ ಅಂತ ಲೆಕ್ಕ ಹಾಕುವಾಗ ಎರಡು ವರ್ಷ ತುಂಬದ ಮಕ್ಕಳನ್ನು ಎಣಿಸುವುದಿಲ್ಲ. ನನ್ನ ಮಗ ಕಾನೂನಿನ ಪ್ರಕಾರ ಆಗ ಜಾಗವನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಅಡ್ಡ ಮಲಗುವಾಗ ಅವನಿಗೆ ಆ ಕಾನೂನು ಗೊತ್ತಿರಲಿಲ್ಲ.

2024ರ ಮಾರ್ಚ್‌ನಲ್ಲಿ, ಅಂದರೆ ನಾವು ಹೋಗುವ ಹಿಂದಿನ ತಿಂಗಳು, ನುರಿತ ಕೆಲಸಗಾರರ ಸಂಗಾತಿ ಮತ್ತು ಮಕ್ಕಳ ಮಟ್ಟಿಗೆ ಈ ಷರತ್ತನ್ನು ಸಡಿಲಿಸಿದರು. ಒಳ್ಳೆಯದೇ. ಮನೆ ಇಲ್ಲ ಎಂಬ ಕಾರಣಕ್ಕೆ ಅಪ್ಪ ಒಂದು ಖಂಡದಲ್ಲಿ, ಮಕ್ಕಳು ಇನ್ನೊಂದು ಖಂಡದಲ್ಲಿ ತಿಂಗಳುಗಟ್ಟಲೆ ಇರುವುದು ತಪ್ಪಿತು. ಆದರೆ ಗಮನಿಸಿ. ಕುಟುಂಬ ಎಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಸರ್ಕಾರ ವೀಸಾ ಫಾರಂನಿಂದ ತೆಗೆಯಿತು. ಊರಿನಲ್ಲಿ ಆ ಪ್ರಶ್ನೆ ಹಾಗೆಯೇ ಉಳಿಯಿತು. ಮೊದಲು ಅದಕ್ಕೆ ಕಚೇರಿ ಉತ್ತರ ಕೇಳುತ್ತಿತ್ತು, ಈಗ ಮಾರುಕಟ್ಟೆ ಕೇಳುತ್ತದೆ.

ವಿಳಾಸದ ಡೆಡ್‌ಲಾಕ್

ಎಂಜಿನಿಯರಿಂಗ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠ ಓದಿದವರಿಗೆ 'ಡೆಡ್‌ಲಾಕ್' ನೆನಪಿರುತ್ತದೆ. ಮೊದಲನೆಯವನಿಗೆ ಬೇಕಾದ್ದು ಎರಡನೆಯವನ ಕೈಲಿದೆ, ಎರಡನೆಯವನಿಗೆ ಬೇಕಾದ್ದು ಮೊದಲನೆಯವನ ಕೈಲಿದೆ, ಇಬ್ಬರೂ ಬಿಡುವುದಿಲ್ಲ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದ ಆ ಉತ್ತರವನ್ನು ಬರ್ಲಿನ್‌ನಲ್ಲಿ ಬದುಕಬೇಕಾಯಿತು.

ಜರ್ಮನಿಯಲ್ಲಿ ಮನೆಗೆ ಹೋದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ 'ಆನ್‌ಮೆಲ್ಡುಂಗ್' ಎನ್ನುತ್ತಾರೆ. 2015ರ ನವೆಂಬರ್‌ನಿಂದ ಇದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಕಡ್ಡಾಯ. ನಮ್ಮಲ್ಲಿ ಗ್ಯಾಸ್ ಕನೆಕ್ಷನ್‌ಗೆ ರೆಂಟಲ್ ಅಗ್ರಿಮೆಂಟ್ ಕೇಳುವ ಹಾಗೆ ಇದು ಒಂದು ಕೆಲಸಕ್ಕೆ ಬೇಕಾದ ಕಾಗದ ಅಂದುಕೊಳ್ಳಬೇಡಿ. ಎಲ್ಲವೂ ಇದರ ಮೇಲೆ ನಿಂತಿದೆ.

ನೋಂದಣಿಯಾದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಅದು ಬಾರದೇ ಇದ್ದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದ ತೆರಿಗೆ ಮುರಿದುಕೊಳ್ಳುವ ಸಾಧ್ಯತೆ ಇದೆ. ಮಕ್ಕಳ ಭತ್ಯೆ 'ಕಿಂಡರ್‌ಗೆಲ್ಡ್', 2025ರಲ್ಲಿ ಪ್ರತಿ ಮಗುವಿಗೆ ತಿಂಗಳಿಗೆ 255 ಯೂರೋ, ಅದಕ್ಕೂ ತೆರಿಗೆ ಸಂಖ್ಯೆ ಬೇಕು. ಶಿಶುವಿಹಾರಕ್ಕೆ, ಅಂದರೆ 'ಕಿಟಾ'ಗೆ, ಬರ್ಲಿನ್‌ನಲ್ಲಿ ಸರ್ಕಾರ ಕೊಡುವ ಕೂಪನ್ ಬೇಕು. ಅದಕ್ಕೆ ಬರ್ಲಿನ್ ವಿಳಾಸ ಬೇಕು. ಈಗ ಹಿಂದಕ್ಕೆ ನಡೆಯಿರಿ. ಬಾಡಿಗೆ ಮನೆ ಕೊಡುವವರು ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಹೊಸದಾಗಿ ಬಂದವರ ಬಳಿ ಅದಿಲ್ಲ. 'ಶೂಫಾ' ಎಂಬ ಸಾಲ-ಪಾವತಿ ಚರಿತ್ರೆಯ ವರದಿ ಕೇಳುತ್ತಾರೆ. ನಮ್ಮ ಸಿಬಿಲ್ ಇದ್ದ ಹಾಗೆ. ನಿನ್ನೆ ವಿಮಾನ ಇಳಿದವರಿಗೆ ಚರಿತ್ರೆಯೇ ಇಲ್ಲ. ಹಿಂದಿನ ಮನೆ ಓನರ್ ಬರೆದುಕೊಟ್ಟ 'ಬಾಡಿಗೆ ಬಾಕಿ ಇಲ್ಲ' ಎಂಬ ಪತ್ರ ಕೇಳುತ್ತಾರೆ. ನಮ್ಮ ಬೆಂಗಳೂರಿನ ಓನರ್ ಇಂಥ ಪತ್ರವನ್ನು ಜೀವಮಾನದಲ್ಲಿ ಬರೆದಿರಲಿಲ್ಲ. ಫೋನ್ ಮಾಡಿದಾಗ, "ಯಾಕಪ್ಪಾ, ಅಲ್ಲಿ ಏನಾದ್ರೂ ತೊಂದ್ರೆ ಆಯ್ತಾ?" ಅಂತ ಗಾಬರಿಯಾದರು.

ಮನೆಗೆ ದಾಖಲೆ ಬೇಕು, ದಾಖಲೆಗೆ ಮನೆ ಬೇಕು. ನಮಗೆ ಮೊದಲ ಆರು ವಾರಕ್ಕೆ ಕಂಪನಿ ಕೊಡಿಸಿದ್ದು ಹೋಟೆಲ್ ಮಾದರಿಯ ಅಪಾರ್ಟ್‌ಮೆಂಟ್. ಅಲ್ಲಿ ವಿಳಾಸ ನೋಂದಣಿಗೆ ಅವಕಾಶವಿಲ್ಲ ಅಂತ ಗೊತ್ತಾಗಿದ್ದು ಮೂರನೇ ದಿನ. ಅಷ್ಟು ಹೊತ್ತಿಗೆ ಮಗಳು ಗೋಡೆಗೆ ಸ್ಟಿಕರ್ ಅಂಟಿಸಿ ತನ್ನ ರೂಮು ಅಂತ ಘೋಷಿಸಿಯಾಗಿತ್ತು.

ಒಂಟಿಯಾಗಿ ಹೋದವರು ಇದನ್ನು ಹೇಗೋ ದಾಟುತ್ತಾರೆ. ಸ್ನೇಹಿತರ ಸೋಫಾ, ಒಂದು ಹಂಚಿಕೆಯ ರೂಮು, ಎರಡು ಸೂಟ್‌ಕೇಸು. ಮಕ್ಕಳಿದ್ದರೆ ಆ ದಾರಿ ಮುಚ್ಚಿದೆ. ಪ್ರತಿ ತಾತ್ಕಾಲಿಕ ಮನೆಯೂ ಮಗುವಿಗೆ ಒಂದು ಊರು ಬಿಟ್ಟ ಹಾಗೆ.

ಜಾಹೀರಾತು ಓದುವುದೇ ಒಂದು ವಿದ್ಯೆ

ಕೆಲವು ಪದ ತಿಳಿದಿದ್ದರೆ ಅರ್ಧ ಗೊಂದಲ ಕಡಿಮೆ. 'ತ್ಸಿಮ್ಮರ್' ಅಂದರೆ ಕೋಣೆ. ಆದರೆ ಅಲ್ಲಿ ಹಾಲ್ ಕೂಡ ಒಂದು ಕೋಣೆಯೇ. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ. ಎರಡು ತ್ಸಿಮ್ಮರ್ ಅಂದರೆ ನಮ್ಮ ಒನ್ ಬಿಎಚ್‌ಕೆ. 'ಕಾಲ್ಟ್' ಬಾಡಿಗೆ ಅಂದರೆ ಬರೀ ಮನೆಯದ್ದು. 'ವಾರ್ಮ್' ಅಂದರೆ ನಿರ್ವಹಣೆ, ನೀರು, ಸಾಮಾನ್ಯವಾಗಿ ಹೀಟಿಂಗ್ ಕೂಡ ಸೇರಿಸಿದ್ದು. ವರ್ಷದ ಕೊನೆಗೆ ಬಳಕೆಯ ಲೆಕ್ಕ ಮಾಡಿ ಹೆಚ್ಚು ಕಡಿಮೆ ಹೊಂದಿಸುತ್ತಾರೆ. ಇನ್ನು ಅಡುಗೆಮನೆ ಅಂದರೆ ಹಲವು ಕಡೆ ನಾಲ್ಕು ಗೋಡೆ ಮತ್ತು ನೀರಿನ ಪೈಪು. ಕಟ್ಟೆ, ಕಪಾಟು, ಒಲೆ ಎಲ್ಲ ಹಳೇ ಬಾಡಿಗೆದಾರರದ್ದು. ಅವರು ಕಿತ್ತುಕೊಂಡು ಹೋಗುತ್ತಾರೆ, ಇಲ್ಲವೇ ನಿಮಗೆ ಮಾರುತ್ತಾರೆ.

ಈಗ ಕಾನೂನಿನ ಒಳ್ಳೆಯ ಭಾಗಕ್ಕೆ ಬರೋಣ. ಅಡ್ವಾನ್ಸ್ ಕಾಲ್ಟ್ ಬಾಡಿಗೆಯ ಮೂರು ಪಟ್ಟಿಗಿಂತ ಹೆಚ್ಚಿರುವಂತಿಲ್ಲ. ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ಓನರ್ ಆ ಹಣವನ್ನು ತಮ್ಮ ಸ್ವಂತ ಹಣದಿಂದ ಬೇರೆಯಾಗಿ ಇಡಬೇಕು, ಅದರ ಬಡ್ಡಿ ಬಾಡಿಗೆದಾರರದ್ದು. 2015ರಿಂದ, ಬ್ರೋಕರ್‌ನನ್ನು ಯಾರು ಗೊತ್ತುಮಾಡಿದರೋ ಅವರೇ ಕಮಿಷನ್ ಕೊಡಬೇಕು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳದ್ದು ಮುರಿಸಿಕೊಂಡು, ಬ್ರೋಕರ್‌ಗೆ ಇನ್ನೊಂದು ತಿಂಗಳದ್ದು ತೆತ್ತು ಬಂದವರಿಗೆ ಇದು ಕನಸಿನಂತೆ ಕೇಳಿಸುತ್ತದೆ.

ಒಪ್ಪಂದ ಸಾಮಾನ್ಯವಾಗಿ ಅನಿರ್ದಿಷ್ಟ ಕಾಲದ್ದು. ಕಾನೂನು ಒಪ್ಪುವ ಕಾರಣವಿಲ್ಲದೆ ಖಾಲಿ ಮಾಡಿಸುವಂತಿಲ್ಲ. ಓನರ್‌ಗೇ ಅಥವಾ ಅವರ ಹತ್ತಿರದ ಕುಟುಂಬಕ್ಕೆ ಮನೆ ಬೇಕಾದರೆ ಕೇಳಬಹುದು, ಅದಕ್ಕೂ ನೋಟಿಸ್ ಅವಧಿ ಇದೆ. ನೀವು ಎಂಟು ವರ್ಷಕ್ಕಿಂತ ಹೆಚ್ಚು ಕಾಲ ಇದ್ದರೆ ಅದು ಒಂಬತ್ತು ತಿಂಗಳು. ನಮ್ಮಲ್ಲಿ ಅಗ್ರಿಮೆಂಟ್ ಯಾಕೆ ಹನ್ನೊಂದು ತಿಂಗಳದ್ದು? ಒಂದು ವರ್ಷ ದಾಟಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತದೆ ಅಂತ. ಅಂದರೆ ನಮ್ಮ ಬಾಡಿಗೆ ಸಂಪ್ರದಾಯ ಹುಟ್ಟಿರುವುದೇ ಕಾನೂನಿನ ಕಣ್ಣು ತಪ್ಪಿಸಲು.

ಕರ್ನಾಟಕಕ್ಕೂ 1999ರ ಬಾಡಿಗೆ ಕಾಯ್ದೆ ಇದೆ. ಆದರೆ ದೊಡ್ಡ ನಗರಗಳಲ್ಲೂ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿದೆ. ಬೆಂಗಳೂರಲ್ಲಿ 3,500ಕ್ಕೆ ಏನು ಸಿಗುತ್ತದೆ ಅಂತ ನಿಮಗೇ ಗೊತ್ತು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ. ಮಾದರಿ ಅಷ್ಟೇ, ರಾಜ್ಯಗಳು ಒಪ್ಪಿದರೆ ಉಂಟು.

ಮಕ್ಕಳಿದ್ದರೆ ಲೆಕ್ಕವೇ ಬೇರೆ

ಒಂದನೇ ಹುಟ್ಟುಹಬ್ಬದಿಂದ ಪ್ರತಿ ಮಗುವಿಗೂ ಕಿಟಾದಲ್ಲಿ ಜಾಗ ಕೇಳುವ ಹಕ್ಕನ್ನು ಜರ್ಮನಿ 2013ರ ಆಗಸ್ಟ್‌ನಿಂದ ಕೊಟ್ಟಿದೆ. ಬರ್ಲಿನ್‌ನಲ್ಲಿ 2018ರಿಂದ ಎಲ್ಲ ವಯಸ್ಸಿನ ಮಕ್ಕಳಿಗೂ ಕಿಟಾ ಶುಲ್ಕವಿಲ್ಲ, ಊಟಕ್ಕೆ ಮಾತ್ರ ಸಣ್ಣ ಮೊತ್ತ. ಎಲ್‌ಕೆಜಿಗೆ ಲಕ್ಷ ಕಟ್ಟಿ ಬಂದವರಿಗೆ ಇದು ದೊಡ್ಡ ಮಾತು. ಆದರೆ ಮನೆ ಎಲ್ಲಿ ಸಿಗುತ್ತದೆ ಅಂತ ಗೊತ್ತಿಲ್ಲದೆ ಯಾವ ಕಿಟಾದಲ್ಲಿ ಹೆಸರು ಬರೆಸುವುದು? ಸರ್ಕಾರಿ ಪ್ರಾಥಮಿಕ ಶಾಲೆ ಕೂಡ ವಿಳಾಸದ ಮೇಲೆ ನಿಗದಿಯಾಗುತ್ತದೆ. ಈ ಬೀದಿಯ ಮಗು ಈ ಶಾಲೆಗೆ. ಮನೆ ಬದಲಾದರೆ ಶಾಲೆ, ಸ್ನೇಹಿತರು, ಆಗಷ್ಟೇ ಕಲಿತ ನಾಲ್ಕು ಜರ್ಮನ್ ವಾಕ್ಯ ಎಲ್ಲ ಮತ್ತೆ ಮೊದಲಿಂದ.

ಇನ್ನು ಗಲಾಟೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕಟ್ಟಡದಲ್ಲಿ ಶಾಂತಿ ಇರಬೇಕು. ನಮ್ಮ ಮಗನ ಗಡಿಯಾರ ಎರಡು ತಿಂಗಳು ಬೆಂಗಳೂರಿನದ್ದೇ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮರದ ನೆಲದ ಮೇಲೆ ಚಮಚ ಬಡಿಯುತ್ತಿದ್ದ. ಇಲ್ಲೊಂದು ಸ್ವಾರಸ್ಯವಿದೆ. ಕಿಟಾ, ಆಟದ ಮೈದಾನಗಳಿಂದ ಬರುವ ಮಕ್ಕಳ ಸದ್ದು ಸಾಮಾನ್ಯವಾಗಿ ಶಬ್ದಮಾಲಿನ್ಯವಲ್ಲ ಅಂತ ಜರ್ಮನಿ 2011ರಲ್ಲಿ ಕಾನೂನಿಗೇ ತಿದ್ದುಪಡಿ ತಂದಿತು. ಅಂಥ ಕಾನೂನು ಬೇಕಾಯಿತು ಅನ್ನುವುದೇ ನೆರೆಹೊರೆಯವರ ದೂರುಗಳು ಎಷ್ಟಿದ್ದವು ಅಂತ ಹೇಳುತ್ತದೆ.

ಮುಖ್ಯವಾದ ವಿಷಯ ಬೇರೆ. ಜರ್ಮನಿಯ ತಾರತಮ್ಯ ವಿರೋಧಿ ಕಾಯ್ದೆ 2006ರದ್ದು. ಜನಾಂಗ, ಧರ್ಮ, ಲಿಂಗ, ವಯಸ್ಸು, ಅಂಗವೈಕಲ್ಯ, ಲೈಂಗಿಕತೆ ಅದರ ಪಟ್ಟಿಯಲ್ಲಿವೆ. 'ಮಕ್ಕಳಿದ್ದಾರೆ' ಎನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ನಲವತ್ತು ಫೋಲ್ಡರ್‌ಗಳಲ್ಲಿ ಎರಡು ಸಂಬಳ, ಸೊನ್ನೆ ಮಕ್ಕಳ ಜೋಡಿಯದ್ದನ್ನು ಮೇಲಿಟ್ಟು, ಒಂದು ಸಂಬಳ, ಎರಡು ಮಕ್ಕಳ ಕುಟುಂಬದ್ದನ್ನು ಕೆಳಗಿಟ್ಟರೆ ಯಾರೂ ಕೇಳುವಂತಿಲ್ಲ. ಯಾರೂ ಹೇಳುವುದೂ ಇಲ್ಲ. ನಕ್ಕು, ಮಗುವಿನ ಕೆನ್ನೆ ಚೆನ್ನಾಗಿದೆ ಅಂತಾರೆ ಅಷ್ಟೇ.

ನಾಲ್ಕು ಜನ, ಮೂರು ಸರ್‌ನೇಮ್

ಬರ್ಲಿನ್‌ನ ಹೆಚ್ಚಿನ ಕಟ್ಟಡಗಳಲ್ಲಿ ಮನೆಗೆ ನಂಬರ್ ಇರುವುದಿಲ್ಲ. ಕಾಲಿಂಗ್ ಬೆಲ್ ಪಕ್ಕ, ಅಂಚೆ ಪೆಟ್ಟಿಗೆ ಮೇಲೆ ಸರ್‌ನೇಮ್ ಇರುತ್ತದೆ. ಪೆಟ್ಟಿಗೆ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್. ನಮ್ಮ ದಕ್ಷಿಣ ಕರ್ನಾಟಕದವರ ಕಥೆ ಗೊತ್ತಲ್ಲ? ಸರ್‌ನೇಮ್ ಅಂತ ಇರುವುದೇ ಇಲ್ಲ, ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಹಿಗ್ಗಿಸಿದರೆ ಒಬ್ಬರಿಗೆ ಊರು, ಇನ್ನೊಬ್ಬರಿಗೆ ಅಪ್ಪ. ನನ್ನ ಸರ್‌ನೇಮ್ ಜಾಗದಲ್ಲಿ ನನ್ನ ಅಪ್ಪನ ಹೆಸರು, ಹೆಂಡತಿಯದ್ದರಲ್ಲಿ ಅವಳ ಅಪ್ಪನ ಹೆಸರು, ಮಕ್ಕಳದ್ದರಲ್ಲಿ ನನ್ನ ಹೆಸರು. ನಾಲ್ಕು ಜನರ ಕುಟುಂಬಕ್ಕೆ ಮೂರು ಸರ್‌ನೇಮ್. ಅರ್ಜಿ ನೋಡಿದವರು, "ನೀವು ಒಂದೇ ಕುಟುಂಬವೇ, ಅಥವಾ ಮನೆ ಹಂಚಿಕೊಳ್ಳುವವರೇ?" ಅಂತ ಕೇಳಿದ್ದಾರೆ. ಮದುವೆಯ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ ಸದಾ ಫೋಲ್ಡರ್‌ನಲ್ಲಿರಲಿ.

ಹೆಸರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. 2017ರಲ್ಲಿ 'ಡೇರ್ ಶ್ಪೀಗೆಲ್' ಪತ್ರಿಕೆ ಮತ್ತು ಬವೇರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸೇರಿ ಒಂದು ಪರೀಕ್ಷೆ ಮಾಡಿದವು. ಹತ್ತು ನಗರಗಳಲ್ಲಿ ಸುಮಾರು 20,000 ಬಾಡಿಗೆ ವಿಚಾರಣೆಗಳನ್ನು ಕಳಿಸಿದವು. ವಿವರ ಒಂದೇ, ಹೆಸರು ಮಾತ್ರ ಬೇರೆ. ಜರ್ಮನ್ ಹೆಸರಿಗೆ ಮನೆ ನೋಡಲು ಕರೆ ಬಂದ ಪ್ರತಿ ನಾಲ್ಕು ಸಲದಲ್ಲಿ ಒಂದು ಸಲ ವಿದೇಶಿ ಹೆಸರಿನವರನ್ನು ಕಡೆಗಣಿಸಲಾಗಿತ್ತು. ಅರಬ್ ಮತ್ತು ಟರ್ಕಿ ಮೂಲದ ಹೆಸರುಗಳಿಗೆ ಅತಿ ಹೆಚ್ಚು ಪೆಟ್ಟು.

ಇದನ್ನು ಓದಿದ ರಾತ್ರಿ ನನಗೆ ಜರ್ಮನಿಯ ಮೇಲೆ ಸಿಟ್ಟು ಬಂತು. ಆಮೇಲೆ ಬಸವನಗುಡಿ ನೆನಪಾಯಿತು.

ಮದುವೆಯಾದ ಹೊಸತರಲ್ಲಿ ನಾವು ಅಲ್ಲಿ ಮನೆ ಹಿಡಿದದ್ದು ಒಂದೇ ಮಧ್ಯಾಹ್ನದಲ್ಲಿ. ಓನರ್ ಕಾಫಿ ಕೊಟ್ಟು, "ನಿಮ್ಮದು ಯಾವ ಕಡೆ? ಮನೇಲಿ ನಾನ್‌ವೆಜ್ ಮಾಡಲ್ವಲ್ಲ?" ಅಂತ ಕೇಳಿದರು. "ಇಲ್ಲ ಸಾರ್" ಅಂದೆ. ಬೀಗದ ಕೈ ಬಂತು. ಅದೇ ತಿಂಗಳು, ಅದೇ ಕಚೇರಿಯಲ್ಲಿ, ಅದೇ ಸಂಬಳದ ನನ್ನ ಮುಸ್ಲಿಂ ಸಹೋದ್ಯೋಗಿಯೊಬ್ಬರು ಮನೆ ಹುಡುಕುತ್ತಿದ್ದರು. ಹೆಸರು ಹೇಳುವವರೆಗೆ ಮನೆ ಖಾಲಿ ಇರುತ್ತಿತ್ತು, ಹೇಳಿದ ಮೇಲೆ "ನಿನ್ನೆಯೇ ಹೋಯ್ತು" ಆಗುತ್ತಿತ್ತು. ಅವರು ಮೂರು ತಿಂಗಳು ಅಲೆದರು. ನಾನು 'ಪಾಪ' ಅಂದೆ. ನನ್ನ "ಇಲ್ಲ ಸಾರ್" ಕೂಡ ಅದೇ ಜರಡಿಯ ಒಂದು ತೂತು ಅಂತ ನನಗೆ ಹೊಳೆದಿರಲಿಲ್ಲ. ಜರಡಿಯಲ್ಲಿ ಸಲೀಸಾಗಿ ಇಳಿದವರಿಗೆ ಜರಡಿ ಕಾಣುವುದಿಲ್ಲ. ಮೇಲೆ ಉಳಿದವರಿಗೆ ಮಾತ್ರ ಕಾಣುತ್ತದೆ.

ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಜರ್ಮನಿಯಲ್ಲಿ ಜನಾಂಗೀಯ ಕಾರಣಕ್ಕೆ ಮನೆ ನಿರಾಕರಿಸಿದ ಸುಳಿವು ತೋರಿಸಿದರೆ, ಹಾಗಲ್ಲ ಎಂದು ಸಾಬೀತುಪಡಿಸುವ ಹೊಣೆ ಎದುರಿನವರದ್ದು. ಎರಡು ತಿಂಗಳೊಳಗೆ ಪರಿಹಾರ ಕೇಳಬೇಕು. ಬಳಸುವುದು ಕಷ್ಟ, ಆದರೆ ಬಾಗಿಲು ಇದೆ. ಖಾಸಗಿ ಬಾಡಿಗೆಯಲ್ಲಿ ಜಾತಿ, ಧರ್ಮ ನೋಡಿ ಮನೆ ನಿರಾಕರಿಸುವುದನ್ನು ನೇರವಾಗಿ ತಡೆಯುವ ಸಮಗ್ರ ತಾರತಮ್ಯ ವಿರೋಧಿ ಕಾನೂನು ನಮ್ಮಲ್ಲಿ ಇಲ್ಲ.

ನಗರ ತನ್ನ ಮನೆ ಮಾರಿಕೊಂಡ ಕಥೆ

ಬರ್ಲಿನ್‌ನಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮನೆಗಳು ಬಾಡಿಗೆಯವು. ಅಲ್ಲಿ ಬಾಡಿಗೆ ಅಂದರೆ 'ಸ್ವಂತ ಮನೆ ಆಗುವವರೆಗೆ' ಎಂಬ ಕಾಯುವಿಕೆಯಲ್ಲ, ಜೀವನಕ್ರಮ. ಹಾಗಿದ್ದ ಮೇಲೆ ಮನೆ ಯಾಕೆ ಸಿಗುತ್ತಿಲ್ಲ?

ಊರಿಗೆ ಜನ ಬಂದಷ್ಟು ವೇಗದಲ್ಲಿ ಮನೆ ಕಟ್ಟಲಿಲ್ಲ ಎನ್ನುವುದು ಒಂದು ಕಾರಣ. ಇದ್ದದ್ದನ್ನು ಮಾರಿದ್ದು ಇನ್ನೊಂದು. ಸಾಲದಲ್ಲಿ ಮುಳುಗಿದ್ದ ಬರ್ಲಿನ್ ಆಡಳಿತ 2004ರಲ್ಲಿ ತನ್ನ ಜಿಎಸ್‌ಡಬ್ಲ್ಯು ಎಂಬ ವಸತಿ ಕಂಪನಿಯನ್ನು, 65,000ಕ್ಕೂ ಹೆಚ್ಚು ಮನೆಗಳ ಸಮೇತ, ಹೂಡಿಕೆದಾರರಿಗೆ 40.5 ಕೋಟಿ ಯೂರೋಗೆ ಮಾರಿತು. ಕಂಪನಿಯ ಸಾಲವನ್ನೂ ಕೊಂಡವರು ಹೊತ್ತರು ನಿಜ. 2013ರಲ್ಲಿ ಅದು ಡಾಯ್ಚ ವೋನೆನ್ ಕಂಪನಿಯ ಪಾಲಾಯಿತು. 2021ರಲ್ಲಿ ಡಾಯ್ಚ ವೋನೆನ್ ಅನ್ನು ಫೊನೋವಿಯಾ ನುಂಗಿತು. ಅದೇ 2021ರಲ್ಲಿ ಬರ್ಲಿನ್‌ನ ಸರ್ಕಾರಿ ಕಂಪನಿಗಳು ಈ ಎರಡು ಕಂಪನಿಗಳಿಂದ ಸುಮಾರು 14,750 ಮನೆಗಳನ್ನು ಕೊಂಡವು. ಬೆಲೆ 246 ಕೋಟಿ ಯೂರೋ. ಸರ್ಕಾರಿ ಆಸ್ತಿ ನಗದೀಕರಣದ ಭಾಷಣ ಕೇಳುವಾಗಲೆಲ್ಲ ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ.

ಬಾಡಿಗೆ ಏರಿದಾಗ ಮೂರು ಪ್ರಯತ್ನ ನಡೆದವು. ಮೊದಲನೆಯದು 2015ರ ಬಾಡಿಗೆ ಬ್ರೇಕ್. ಹೊಸ ಒಪ್ಪಂದದ ಬಾಡಿಗೆ ಆ ಪ್ರದೇಶದ ಸರಾಸರಿ ದರಕ್ಕಿಂತ ಶೇ 10ಕ್ಕಿಂತ ಹೆಚ್ಚಿರುವಂತಿಲ್ಲ. ಆದರೆ 2014ರ ಅಕ್ಟೋಬರ್ ನಂತರ ಮೊದಲ ಸಲ ಬಳಕೆಗೆ ಬಂದ ಮನೆಗಳಿಗೆ, ತಾತ್ಕಾಲಿಕ ವಾಸದ ಮನೆಗಳಿಗೆ ಇದು ಅನ್ವಯಿಸುವುದಿಲ್ಲ. 2025ರಲ್ಲಿ ಇದನ್ನು 2029ರ ಕೊನೆಯವರೆಗೆ ವಿಸ್ತರಿಸಿದ್ದಾರೆ. ಎರಡನೆಯದು 2020ರ ಫೆಬ್ರವರಿಯಲ್ಲಿ ಬರ್ಲಿನ್ ರಾಜ್ಯ ತಂದ ಬಾಡಿಗೆ ಮಿತಿ. ಹೆಚ್ಚಿನ ಮನೆಗಳ ಬಾಡಿಗೆಯನ್ನು 2019ರ ಜೂನ್ ಮಟ್ಟದಲ್ಲೇ ನಿಲ್ಲಿಸಿತು. 2021ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ, ಈ ಕಾನೂನು ಮಾಡುವ ಅಧಿಕಾರ ರಾಜ್ಯಕ್ಕಿಲ್ಲ ಅಂತ ರದ್ದು ಮಾಡಿತು. ಒಕ್ಕೂಟ ವ್ಯವಸ್ಥೆಯ ಜಗಳ ನಮಗೆ ಹೊಸದಲ್ಲ.

ಮೂರನೆಯದು ಬೀದಿಯಿಂದ ಬಂತು. 3,000ಕ್ಕಿಂತ ಹೆಚ್ಚು ಮನೆ ಹೊಂದಿರುವ ಖಾಸಗಿ ಕಂಪನಿಗಳ ಮನೆಗಳನ್ನು ಪರಿಹಾರ ಕೊಟ್ಟು ಸಾರ್ವಜನಿಕ ಒಡೆತನಕ್ಕೆ ತರಬೇಕು ಎಂಬ ಜನಮತಗಣನೆ 2021ರ ಸೆಪ್ಟೆಂಬರ್ 26ರಂದು ನಡೆಯಿತು. ಸಿಂಧು ಮತಗಳಲ್ಲಿ ಶೇ 59ರಷ್ಟು ಪರ. ಹತ್ತು ಲಕ್ಷಕ್ಕೂ ಹೆಚ್ಚು ಜನ 'ಹೌದು' ಅಂದರು. ಆದರೆ ಅದು ಸರ್ಕಾರಕ್ಕೆ ಹೇಳಿದ ಸಲಹೆ, ಕಾನೂನಲ್ಲ. ಇದು ಕಾನೂನುಬದ್ಧವಾಗಿ ಸಾಧ್ಯ ಅಂತ ತಜ್ಞರ ಸಮಿತಿ 2023ರಲ್ಲಿ ವರದಿ ಕೊಟ್ಟ ಮೇಲೂ ಆ ಮನೆಗಳ ಒಡೆತನ ಬದಲಾಗಲಿಲ್ಲ.

ಒಳಗಿರುವವರು, ಹೊರಗಿರುವವರು, ನಾವು

ಈಗ ಕಷ್ಟದ ಭಾಗ. ಬಾಗಿಲ ಒಳಗಿರುವವರಿಗೆ ಜರ್ಮನ್ ಕಾನೂನು ಕೊಡೆ. ಬಾಗಿಲ ಹೊರಗಿರುವವರಿಗೆ ಅದರಿಂದ ಹನಿಯುವ ನೀರು. ಹಳೇ ಒಪ್ಪಂದದವರು ಕಡಿಮೆ ಬಾಡಿಗೆಯಲ್ಲಿ ಇದ್ದಾರೆ, ಹಾಗಾಗಿ ಯಾರೂ ಮನೆ ಬಿಡುವುದಿಲ್ಲ. ಮಕ್ಕಳು ದೊಡ್ಡವರಾಗಿ ಹೋದ ಮೇಲೂ ದೊಡ್ಡ ಮನೆ ಬಿಟ್ಟು ಚಿಕ್ಕದಕ್ಕೆ ಹೋದರೆ ಬಾಡಿಗೆ ಹೆಚ್ಚಾಗುತ್ತದೆ. ಹಾಗಾದರೆ ರಕ್ಷಣೆಯನ್ನೇ ತೆಗೆಯಬೇಕು ಅಂತ ಕೆಲವರು ವಾದಿಸುತ್ತಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ರಕ್ಷಣೆ ಇಲ್ಲದ ಊರು ಹೇಗಿರುತ್ತದೆ ಅಂತ ನೋಡಲು ಬೆಂಗಳೂರೇ ಇದೆ. ಅಲ್ಲಿ ಮನೆ ಬೇಗ ಸಿಗುತ್ತದೆ, ಕೆಲವರಿಗೆ. ಕಳೆದುಹೋಗುವುದೂ ಅಷ್ಟೇ ಬೇಗ.

ಆದರೆ ಒಂದು ಸತ್ಯ ಒಪ್ಪಿಕೊಳ್ಳಬೇಕು. ನಮ್ಮಂಥವರು ಈ ಕಥೆಯಲ್ಲಿ ಬರೀ ಸಂತ್ರಸ್ತರಲ್ಲ. ಫೋಲ್ಡರ್‌ಗೆ ಉತ್ತರ ಬಾರದೇ ಇದ್ದಾಗ ನಾವು ಹಿಡಿದದ್ದು ಫರ್ನಿಚರ್ ಸಮೇತದ 'ತಾತ್ಕಾಲಿಕ' ಮನೆ, ಪಕ್ಕದ ಮನೆಯ ಬಾಡಿಗೆಗಿಂತ ಎಷ್ಟೋ ಹೆಚ್ಚು ಕೊಟ್ಟು. ಒಂದು ಸೋಫಾ, ಎರಡು ಮಂಚ ಇಟ್ಟು 'ತಾತ್ಕಾಲಿಕ' ಎಂದು ಬರೆದರೆ ಬಾಡಿಗೆ ಬ್ರೇಕ್‌ನಿಂದ ನುಣುಚಿಕೊಳ್ಳುವ ದಾರಿ ಸಿಗುತ್ತದೆ. ಬ್ಲೂ ಕಾರ್ಡ್ ಸಂಬಳದವರು ಕಣ್ಣುಮುಚ್ಚಿ ಕೊಡುತ್ತಾರೆ ಅಂತ ಗೊತ್ತಿರುವುದರಿಂದಲೇ ಓನರ್‌ಗಳು ಮಾಮೂಲಿ ಮನೆಗಳನ್ನು ಆ ಕಡೆಗೆ ತಿರುಗಿಸುತ್ತಾರೆ. ಮೇಲಿನ ಮಹಡಿಯ ಅಜ್ಜಿ ನಮ್ಮ ಬಾಡಿಗೆ ಕೇಳಿ, ಸಿಟ್ಟಾಗಲಿಲ್ಲ, ಹೆದರಿದರು. ವೈಟ್‌ಫೀಲ್ಡ್, ಸರ್ಜಾಪುರದಲ್ಲಿ ಟೆಕ್ಕಿಗಳ ಸಂಬಳ ನೋಡಿ ಬಾಡಿಗೆ ಏರಿದಾಗ ಅಲ್ಲಿನ ಮೂಲ ನಿವಾಸಿಗಳ, ಗಾರ್ಮೆಂಟ್ಸ್ ಕೆಲಸಗಾರರ ಮುಖದಲ್ಲೂ ಇದೇ ಭಯ ಇದ್ದಿರಬೇಕು. ನಾನು ಆಗ ನೋಡಿರಲಿಲ್ಲ.

ಇದು ಹೊಸ ಕಥೆಯೂ ಅಲ್ಲ. 1961ರಲ್ಲಿ ಪಶ್ಚಿಮ ಜರ್ಮನಿ ಟರ್ಕಿಯ ಜೊತೆ ಕೆಲಸಗಾರರ ಒಪ್ಪಂದ ಮಾಡಿಕೊಂಡಿತು. ಕಾರ್ಖಾನೆಗೆ ಕೈಗಳು ಬೇಕಿದ್ದವು. ಕೈಗಳ ಹಿಂದೆ ಹೆಂಡತಿ ಮಕ್ಕಳು ಬಂದರು, ಹಳೇ ಮುರುಕಲು ಮನೆಗಳಲ್ಲಿ ತುಂಬಿಕೊಂಡರು. 1975ರಲ್ಲಿ ಪಶ್ಚಿಮ ಬರ್ಲಿನ್ ಆಡಳಿತ ಏನು ಮಾಡಿತು ಗೊತ್ತೇ? ಕ್ರಾಯ್ಟ್ಸ್‌ಬೆರ್ಗ್, ವೆಡ್ಡಿಂಗ್, ಟೀರ್‌ಗಾರ್ಟನ್ ಎಂಬ ಮೂರು ಬಡಾವಣೆಗಳಿಗೆ ಹೊಸ ವಿದೇಶಿಯರು ವಾಸಕ್ಕೆ ಬರುವಂತಿಲ್ಲ ಎಂದು ನಿಷೇಧ ಹಾಕಿತು. ಕೆಲಸಕ್ಕೆ ಕರೆದವರೇ ವಾಸಕ್ಕೆ ಬೇಡ ಅಂದರು.

90,000 ವೀಸಾದ ಘೋಷಣೆಯನ್ನು ನಾನು ಈ ಚರಿತ್ರೆಯ ಪಕ್ಕದಲ್ಲಿಟ್ಟು ಓದುತ್ತೇನೆ. ಇವತ್ತು ನಿಷೇಧವಿಲ್ಲ. ಆದರೆ ಜನರನ್ನು ಕರೆಯುವ ಇಲಾಖೆ ಒಂದು, ಮನೆ ಕಟ್ಟುವ ಹೊಣೆ ಇನ್ಯಾರದ್ದೋ. ನಡುವೆ ಎಲ್ಲ ಸರಿಯಾಗುವವರೆಗೆ ಮಗುವಿನ ಬಾಲ್ಯ ಸೂಟ್‌ಕೇಸಿನಲ್ಲಿ. ಮನೆ ಸಿಗದೇ ಇದ್ದಾಗ ಹಳಬರು ಹೊಸಬರನ್ನು ಬೈಯುತ್ತಾರೆ. ಆ ಸಿಟ್ಟನ್ನು ಮತವಾಗಿಸುವ ಪಕ್ಷಗಳು ಎಲ್ಲ ದೇಶದಲ್ಲೂ ತಯಾರಾಗಿ ಕೂತಿರುತ್ತವೆ. ಇನ್ನೊಂದು ಕಡೆ, ಆ ಜನಮತಗಣನೆಯಲ್ಲಿ ಮತ ಹಾಕಲು ಜರ್ಮನ್ ಪೌರತ್ವ ಬೇಕಿತ್ತು. ಬಾಡಿಗೆಯ ಬಿಸಿ ಹೆಚ್ಚು ತಟ್ಟುವ ಹೊಸಬರಿಗೆ ಬಾಡಿಗೆಯ ಬಗ್ಗೆ ಮತವಿಲ್ಲ. ಬೆಂಗಳೂರಿಗೆ ರಾಯಚೂರು, ಕಲಬುರಗಿಯಿಂದ ಬಂದು ಶೆಡ್‌ಗಳಲ್ಲಿರುವ ಕಟ್ಟಡ ಕಾರ್ಮಿಕರ ವೋಟರ್ ಐಡಿ ಎಲ್ಲಿದೆ ಅಂತ ಒಮ್ಮೆ ಕೇಳಿ ನೋಡಿ.

ಹೋಗುವವರಿಗೆ ನಾಲ್ಕು ಮಾತು

ಒಂದು, ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲು ಸಂಬಳದ ಜೊತೆಗೆ ಮನೆಯನ್ನೂ ಚರ್ಚಿಸಿ. ವಿಳಾಸ ನೋಂದಣಿ ಮಾಡಿಕೊಡುವ ತಾತ್ಕಾಲಿಕ ಮನೆ, ಕನಿಷ್ಠ ಮೂರು ತಿಂಗಳಿಗೆ, ಬರವಣಿಗೆಯಲ್ಲಿ ಕೇಳಿ. ಎರಡು, ಮನೆ ನೋಡುವ ಮುಂಚೆ, ಒಪ್ಪಂದಕ್ಕೆ ಸಹಿ ಆಗುವ ಮುಂಚೆ ಒಂದು ಯೂರೋ ಕೂಡ ಕಳಿಸಬೇಡಿ. 'ಓನರ್ ಹೊರದೇಶದಲ್ಲಿದ್ದಾರೆ, ದುಡ್ಡು ಹಾಕಿದರೆ ಕೀ ಕೊರಿಯರ್ ಮಾಡ್ತಾರೆ' ಅಂದರೆ ಅದು ಮೋಸ. ಮೂರು, ಬಾಡಿಗೆದಾರರ ಸಂಘಕ್ಕೆ ಸೇರಿ. 'ಮೀಟರ್‌ಫೆರೈನ್' ಅನ್ನುತ್ತಾರೆ. ವರ್ಷಕ್ಕೆ ಸಣ್ಣ ಚಂದಾ ಕಟ್ಟಿದರೆ ನಿಮ್ಮ ಒಪ್ಪಂದವನ್ನು ಕಾನೂನು ಗೊತ್ತಿರುವವರು ಓದಿ ಹೇಳುತ್ತಾರೆ. ಫರ್ನಿಚರ್ ಮನೆಯ ಬಾಡಿಗೆ ಕೂಡ ಪ್ರಶ್ನಿಸಬಹುದು ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ನಾಲ್ಕು, ಸಾಧ್ಯವಾದರೆ ಒಬ್ಬರು ಮೊದಲು ಹೋಗಿ, ಮಕ್ಕಳನ್ನು ಆಮೇಲೆ ಕರೆಸಿಕೊಳ್ಳಿ. ಅಜ್ಜಿ ತಾತನ ಮನೆಯಲ್ಲಿ ನಾಲ್ಕು ತಿಂಗಳು, ನಾಲ್ಕು ಮನೆ ಬದಲಿಸುವುದಕ್ಕಿಂತ ಮೇಲು. ನಾವು ಹಾಗೆ ಮಾಡಲಿಲ್ಲ. ಮಾಡಬೇಕಿತ್ತು.

ಕೊನೆಗೆ ನಮಗೆ ಮನೆ ಸಿಕ್ಕಿದ್ದು ಏಳನೇ ತಿಂಗಳಲ್ಲಿ, ಒಂದು ಆಟದ ಮೈದಾನದಲ್ಲಿ. ಮಗಳ ಜೊತೆ ಮರಳಲ್ಲಿ ಆಡುತ್ತಿದ್ದ ಹುಡುಗನ ತಾಯಿ, ತಾವು ಬೇರೆ ಊರಿಗೆ ಹೋಗುತ್ತಿದ್ದೇವೆ ಅಂದರು. ಮನೆ ಬಿಡುವವರು ಮುಂದಿನ ಬಾಡಿಗೆದಾರರನ್ನು ಸೂಚಿಸುವ ರೂಢಿ ಅಲ್ಲಿದೆ. ಅವರು ಓನರ್‌ಗೆ ನಮ್ಮ ಪರವಾಗಿ ನಾಲ್ಕು ಸಾಲು ಬರೆದರು, "ಇವರು ನನಗೆ ಗೊತ್ತು" ಅಂತ. ಅದೇ ಫೋಲ್ಡರ್, ಅದೇ ಸಂಬಳ, ಅದೇ ಇಬ್ಬರು ಮಕ್ಕಳು. ಈ ಸಲ ಕೀ ಬಂತು.

ಆ ತಾಯಿಗೆ ನಾನು ಋಣಿ. ಆದರೆ "ಇವರು ನನಗೆ ಗೊತ್ತು" ಅನ್ನುವುದು ಬಸವನಗುಡಿಯ "ನಿಮ್ಮದು ಯಾವ ಕಡೆ?" ಎಂಬ ಪ್ರಶ್ನೆಯ ಇನ್ನೊಂದು ಮುಖ ತಾನೇ? ಯಾರಾದರೂ ಒಳಗಿನವರು ಕೈ ಹಿಡಿದು ಎಳೆದುಕೊಂಡರೆ ಮನೆ, ಇಲ್ಲದಿದ್ದರೆ ಮೆಟ್ಟಿಲು. ನಮ್ಮ ಕೈ ಹಿಡಿದವರು ಸಿಕ್ಕರು. ಅವತ್ತು ಮೆಟ್ಟಿಲ ಮೇಲೆ ನಮ್ಮ ಹಿಂದೆ ಅವಳಿ ಮಕ್ಕಳ ಸ್ಟ್ರಾಲರ್ ಮಡಚಿ ಹೊತ್ತುಕೊಂಡು ನಿಂತಿದ್ದ ಇನ್ನೊಂದು ಕುಟುಂಬ ಇತ್ತು. ಅವರಿಗೆ ಮನೆ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ.

ಹೊಸ ಮನೆಗೆ ಹೋದ ದಿನ ಅಂಚೆ ಪೆಟ್ಟಿಗೆ ಮೇಲೆ ಮೂರು ಹೆಸರು ಅಂಟಿಸಿದೆ. ಜಾಗ ಸಾಲದೆ ಅಕ್ಷರ ಚಿಕ್ಕದು ಮಾಡಬೇಕಾಯಿತು. ಮಗಳು ಕೇಳಿದಳು, "ಇದು ನಮ್ಮನೇನಾ?" ಹೌದು ಅಂದೆ. "ಎಷ್ಟು ದಿನಕ್ಕೆ?" ಅಂದಳು.